ನ್ಯಾಯದ ವಿಳಂಬ ಮತ್ತು ನಮ್ಮ ಹೊಣೆ



ರಸ್ತೆಯ ಅಪಘಾತವು ಒಂದು ಕ್ಷಣದಲ್ಲಿ ಮುಗಿಯುತ್ತದೆ. ಅದರ ಪರಿಹಾರದ ವ್ಯಾಜ್ಯವು ವರ್ಷಗಟ್ಟಲೆ ಮುಗಿಯದಿರುವುದುಂಟು. 1988ರ ಮೋಟಾರು ವಾಹನ ಕಾಯಿದೆಯು ನ್ಯಾಯಮಂಡಳಿಗೆ ಸಂಕ್ಷಿಪ್ತ ವಿಚಾರಣೆಯ ಅಧಿಕಾರವನ್ನಿತ್ತಿದೆ. ತೀರ್ಪಾದ 30 ದಿನಗಳೊಳಗೆ ಹಣವನ್ನು ಠೇವಣಿಯಿಡಬೇಕೆಂದೂ ವಿಧಿಸಿದೆ. ಹೀಗಿದ್ದೂ ತಡವೇಕೆ?

ಎಲ್ಲ ವಿಳಂಬವೂ ಅಧರ್ಮವಲ್ಲ. ಗಾಯವು ಮಾಗಿದ ಮೇಲಲ್ಲದೆ ಶಾಶ್ವತ ಅಂಗವೈಕಲ್ಯವೆಷ್ಟೆಂದು ವೈದ್ಯರು ಹೇಳಲಾರರು. ತಪ್ಪು ಯಾರದೆಂಬುದಕ್ಕೂ ಸಾಕ್ಷ್ಯ ಬೇಕು. ಆದರೆ ಸತ್ಯವನ್ನರಸುವ ವಿಳಂಬ ಬೇರೆ, ಕೊಡಬೇಕಾದುದನ್ನು ಮುಂದೂಡುವ ವಿಳಂಬ ಬೇರೆ. ತಡವಾದ ಹಣಕ್ಕೆ ನ್ಯಾಯಮಂಡಳಿಯು ಬಡ್ಡಿ ಕೊಡಿಸಬಲ್ಲುದು. ತಂದೆಯನ್ನು ಕಳೆದುಕೊಂಡ ಮಗುವು ಶಾಲೆ ಬಿಟ್ಟ ವರ್ಷಗಳಿಗೆ ಬಡ್ಡಿ ಕೊಡಿಸುವವರಾರು?

ಪರಿಹಾರವು ದಾನವಲ್ಲ, ಋಣ. ನಿಮ್ಮಲ್ಲಿ ವಕೀಲರಿದ್ದೀರಿ, ವಿಮಾ ಅಧಿಕಾರಿಗಳಿದ್ದೀರಿ, ವಾಹನಗಳ ಒಡೆಯರಿದ್ದೀರಿ. ಕಣ್ಣಾರೆ ಕಂಡೂ ಸಾಕ್ಷಿ ನುಡಿಯಲು ಹಿಂಜರಿದವರೂ ಇರಬಹುದು. ಕಾರಣವಿಲ್ಲದೆ ವಾಯಿದೆ ಕೇಳುವುದು ಕಾಯಕವಲ್ಲ. ಉಭಯರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ವ್ಯಾಜ್ಯವು ಮುಗಿಯುತ್ತದೆ; ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲ. ಆದಕಾರಣ ಬಡವರ ಹಸಿವನ್ನೇ ಆಯುಧವಾಗಿಸಿ ಅಲ್ಪಕ್ಕೆ ಒಪ್ಪಿಸಿದರೆ ಅದು ರಾಜಿಯಲ್ಲ, ಹಿಂಸೆ.

ನ್ಯಾಯಾಲಯದ ತಡವೆಲ್ಲವನ್ನೂ ನಾವು ನೀಗಲಾರೆವು. ನಮ್ಮಿಂದಾಗುವ ತಡವನ್ನು ನೀಗಬಲ್ಲೆವು. ಅಷ್ಟನ್ನು ಮಾಡುವುದೇ ಇಲ್ಲಿ ಕಾಯಕ.