ಯಾರೂ ಮುರಿಯಲಾರದ ದಾಖಲೆ

ಮುಂದೆ ಸಾಗಬೇಕೆಂಬ ಆಸೆ ಮನುಷ್ಯನಿಗೆ ಸಹಜ. ಆದರೆ ಅದರ ಬೆನ್ನಿಗೇ ಇನ್ನೊಂದು ಆಸೆ ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ. ತನ್ನ ನಂತರ ಬರುವ ಯಾರೂ ತನ್ನನ್ನು ದಾಟಿ ಹೋಗಬಾರದು ಎಂಬ ಆಸೆ ಅದು. ಮೊದಲನೆಯದು ಅವನನ್ನು ದುಡಿಸುತ್ತದೆ, ಎರಡನೆಯದು ಅವನನ್ನು ಸುಡುತ್ತದೆ. ಎಷ್ಟೋ ಸಲ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ಅವನಿಗೇ ತಿಳಿಯುವುದಿಲ್ಲ.

ಈ ಎರಡನೆಯ ಆಸೆಯನ್ನು ಸ್ಪಷ್ಟವಾಗಿ ಕಾಣಬೇಕಿದ್ದರೆ ಕ್ರೀಡಾರಂಗವನ್ನು ನೋಡಬೇಕು. ಅಲ್ಲಿ ಎಲ್ಲವನ್ನೂ ಅಳೆಯಲಾಗುತ್ತದೆ. ಸೆಕೆಂಡು, ಸೆಂಟಿಮೀಟರು, ರನ್ನುಗಳ ಲೆಕ್ಕವಿಡಲಾಗುತ್ತದೆ. ಕೆಲವು ದಾಖಲೆಗಳ ಬಗ್ಗೆ 'ಇದನ್ನು ಇನ್ನಾರೂ ಮುರಿಯಲಾರರು' ಎಂದು ಜನರು ಅಭಿಮಾನದಿಂದ ಹೇಳುತ್ತಾರೆ. ಧಾರ್ಮಿಕ ಪತ್ರಿಕೆಗೂ ಆಟದ ದಾಖಲೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ಆಡಿದ್ದರು. ಒಮ್ಮೆ ಆಯಿಶಾ(ರ) ಗೆದ್ದರೆ, ಕಾಲಾನಂತರ ಪ್ರವಾದಿವರ್ಯರು(ಸ) ಗೆದ್ದರು. ಮದೀನಾದಲ್ಲಿ ಅವರು ಕುದುರೆ ಓಟದ ಸ್ಪರ್ಧೆಗಳನ್ನೂ ಏರ್ಪಡಿಸಿದ್ದರು. ಆದ್ದರಿಂದ ಆಟವನ್ನಾಗಲಿ ಸ್ಪರ್ಧೆಯನ್ನಾಗಲಿ ಇಸ್ಲಾಮ್ ನಿರಾಕರಿಸುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ತನ್ನ ದಾಖಲೆ ಎಂದೆಂದಿಗೂ ಅಳಿಯದೆ ಉಳಿಯಲಿ ಎಂಬ ಹಂಬಲವು ಸತ್ಯವಿಶ್ವಾಸಿಗೆ ಭೂಷಣವೇ?

ಎಲ್ಲರಿಗೂ ಪರಿಚಿತವಾದ ಒಂದು ದಾಖಲೆಯಿಂದ ಆರಂಭಿಸೋಣ. ಆಸ್ಟ್ರೇಲಿಯಾದ ಡಾನ್ ಬ್ರಾಡ್‌ಮನ್ 52 ಟೆಸ್ಟ್ ಪಂದ್ಯಗಳಲ್ಲಿ 6,996 ರನ್ ಗಳಿಸಿದರು. ಅವರ ಸರಾಸರಿ 99.94. ಹೆಚ್ಚು ಪಂದ್ಯಗಳನ್ನಾಡಿದ ಇತರ ಶ್ರೇಷ್ಠ ಆಟಗಾರರು 60ರ ಆಸುಪಾಸಿನಲ್ಲೇ ನಿಂತಿದ್ದಾರೆ. 1948ರ ಆಗಸ್ಟ್ 14ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಅವರು ತಮ್ಮ ಕೊನೆಯ ಇನಿಂಗ್ಸ್‌ಗೆ ಇಳಿದಾಗ ಸರಾಸರಿ ನೂರಾಗಲು ಕೇವಲ 4 ರನ್ ಸಾಕಿತ್ತು. ಎರಿಕ್ ಹೋಲೀಸ್ ಎಸೆದ ಎರಡನೆಯ ಚೆಂಡಿಗೇ ಅವರು ಶೂನ್ಯಕ್ಕೆ ಔಟಾದರು. ಜಗತ್ತು ಮುರಿಯಲಾಗದೆಂದು ಕೊಂಡಾಡುವ ಆ ಸಂಖ್ಯೆಯೊಳಗೇ ನಾಲ್ಕು ರನ್ನುಗಳ ಕೊರತೆ ಕುಳಿತಿದೆ. 2001ರಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ಬ್ರಾಡ್‌ಮನ್ ತೀರಿಕೊಂಡರು. ದಾಖಲೆ ಉಳಿಯಿತು, ದಾಖಲೆಯ ಒಡೆಯ ಹೊರಟುಹೋದರು.

ಎಲ್ಲ ದಾಖಲೆಗಳಿಗೂ ಇಷ್ಟು ಆಯುಸ್ಸು ಇರುವುದಿಲ್ಲ. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದರು. ಅಂದಿನ ದಾಖಲೆಯನ್ನು ಅವರು ಒಂದೇ ನೆಗೆತಕ್ಕೆ 55 ಸೆಂಟಿಮೀಟರಿನಷ್ಟು ಹಿಂದೆ ಹಾಕಿದ್ದರು. ದೂರ ಅಳೆಯಲು ಇರಿಸಿದ್ದ ಉಪಕರಣಕ್ಕೆ ಅಷ್ಟು ದೂರ ಎಟುಕಲಿಲ್ಲ. ಉಕ್ಕಿನ ಪಟ್ಟಿ ತಂದು ಅಳೆಯಬೇಕಾಯಿತು. ಇದು ಶಾಶ್ವತವೆಂದು ಎಲ್ಲರೂ ಭಾವಿಸಿದರು. ಆದರೆ 1991ರಲ್ಲಿ ಟೋಕಿಯೋದಲ್ಲಿ ಮೈಕ್ ಪೊವೆಲ್ 8.95 ಮೀಟರ್ ಜಿಗಿದರು. ಪೂರ್ವ ಜರ್ಮನಿಯ ಉವೆ ಹೋನ್ 1984ರಲ್ಲಿ ಜಾವೆಲಿನನ್ನು 104.80 ಮೀಟರ್ ದೂರ ಎಸೆದರು. 1986ರಲ್ಲಿ ಜಾವೆಲಿನ್‌ನ ರಚನೆಯನ್ನೇ ಬದಲಿಸಿ, ಅದರ ತೂಕದ ಕೇಂದ್ರವನ್ನು ಮುಂದಕ್ಕೆ ಸರಿಸಿ, ದಾಖಲೆಗಳ ಲೆಕ್ಕವನ್ನು ಹೊಸದಾಗಿ ಆರಂಭಿಸಲಾಯಿತು. ಹೋನ್‌ರ ಎಸೆತವನ್ನು ಇನ್ನು ಯಾರೂ ಮುರಿಯಲಾರರು, ಏಕೆಂದರೆ ಆ ಸ್ಪರ್ಧೆಯೇ ಈಗ ಇಲ್ಲ! ಇನ್ನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಕ್ಯಾನ್ಸರನ್ನು ಗೆದ್ದು ಬಂದ ಈ ಸೈಕಲ್ ಪಟು 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದರು. ಅವರ ದಾಖಲೆಯನ್ನು ಯಾವ ಎದುರಾಳಿಯೂ ಮುರಿಯಲಿಲ್ಲ, ಸತ್ಯವೇ ಅದನ್ನು ಅಳಿಸಿಹಾಕಿತು. ನಿಷೇಧಿತ ಔಷಧಿಗಳ ಬಳಕೆಗಾಗಿ 2012ರಲ್ಲಿ ಏಳೂ ಪ್ರಶಸ್ತಿಗಳನ್ನು ಹಿಂಪಡೆಯಲಾಯಿತು. ಮರುವರ್ಷ ಅವರೇ ತಪ್ಪೊಪ್ಪಿಕೊಂಡರು. ಆ ಏಳು ವರ್ಷಗಳ ವಿಜೇತರ ಸ್ಥಾನ ಇಂದಿಗೂ ಖಾಲಿಯಾಗಿದೆ. ಬೆಟ್ಟದಷ್ಟಿದ್ದ ಕರ್ಮಗಳು ನಾಳೆ ಧೂಳಿನಂತೆ ಹಾರಿಹೋಗುವ ಬಗ್ಗೆ ಪವಿತ್ರ ಕುರ್‌ಆನ್ ಕೊಡುವ ಎಚ್ಚರಿಕೆಯನ್ನು ಅರ್ಥಮಾಡಿಕೊಳ್ಳಲು ಇದೊಂದು ಉದಾಹರಣೆ ಸಾಕಲ್ಲವೇ?

ದಾಖಲೆ ಒಂದೋ ಮುರಿಯುತ್ತದೆ, ಇಲ್ಲವೇ ಅರ್ಥ ಕಳೆದುಕೊಳ್ಳುತ್ತದೆ, ಇಲ್ಲವೇ ಅಳಿಸಿಹೋಗುತ್ತದೆ. ಅದು ಉಳಿದರೂ ಅದರ ಒಡೆಯ ಉಳಿಯುವುದಿಲ್ಲ. ಇದರ ಹಿಂದಿರುವ ನಿಯಮವನ್ನು ಪ್ರವಾದಿವರ್ಯರು(ಸ) ಒಂದು ಪಂದ್ಯದ ಸಂದರ್ಭದಲ್ಲೇ ಕಲಿಸಿದರು. ಅವರ ಬಳಿ ಅದ್ಬಾ ಎಂಬ ಹೆಣ್ಣೊಂಟೆಯಿತ್ತು. ಓಟದಲ್ಲಿ ಅದನ್ನು ಹಿಂದಿಕ್ಕಿದ ಒಂಟೆ ಇರಲಿಲ್ಲ. ಒಂದು ದಿನ ಹಳ್ಳಿಗಾಡಿನ ಅರಬನೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದ್ಬಾವನ್ನು ಸೋಲಿಸಿಬಿಟ್ಟ. ಸಹಾಬಿಗಳಿಗೆ ಇದನ್ನು ಸಹಿಸಲು ಕಷ್ಟವಾಯಿತು. ತಮ್ಮ ಪ್ರೀತಿಯ ಪ್ರವಾದಿಯವರ ಒಂಟೆಯಲ್ಲವೇ! ಅವರ ಮುಖದ ನೋವನ್ನು ಗಮನಿಸಿದ ಪ್ರವಾದಿವರ್ಯರು(ಸ), ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ, ಅದು ಅವನು ಇರಿಸಿಕೊಂಡಿರುವ ನಿಯಮ ಎಂಬರ್ಥದ ಮಾತನ್ನು ಹೇಳಿ ಸಮಾಧಾನಪಡಿಸಿದರು. ಅನಸ್(ರ) ವರದಿ ಮಾಡಿರುವ ಈ ಘಟನೆ ಬುಖಾರಿಯಲ್ಲಿದೆ. ಇಲ್ಲಿ ಗಮನಿಸಿ: ಪ್ರವಾದಿವರ್ಯರು(ಸ) ಮರುಪಂದ್ಯ ಬಯಸಲಿಲ್ಲ, ಒಂಟೆಗೆ ದಣಿವಾಗಿತ್ತೆಂದು ನೆಪ ಹೇಳಲಿಲ್ಲ. ತಮ್ಮ ಸ್ವಂತ ಒಂಟೆಯ ಸೋಲನ್ನು ಅಲ್ಲಾಹನ ಹಿರಿಮೆಯ ಪಾಠವಾಗಿಸಿದರು.

ನಮ್ಮ ಕಾಲದಲ್ಲಿ ಪಾಕಿಸ್ತಾನದ ಜಹಾಂಗೀರ್ ಖಾನ್ 1981ರಿಂದ ಐದೂವರೆ ವರ್ಷ ಸ್ಕ್ವಾಶ್‌ನಲ್ಲಿ ಸೋಲೇ ಕಾಣಲಿಲ್ಲ. ಅವರು ಸತತ 555 ಪಂದ್ಯಗಳನ್ನು ಗೆದ್ದರೆಂದು ದಾಖಲಾಗಿದೆ. 1986ರ ನವೆಂಬರಿನಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ನಡೆದ ವಿಶ್ವ ಓಪನ್ ಫೈನಲ್‌ನಲ್ಲಿ ನ್ಯೂಝಿಲೆಂಡಿನ ರಾಸ್ ನಾರ್ಮನ್ ಅವರನ್ನು ಸೋಲಿಸಿದರು. ಅದ್ಬಾದ ಮುಂದೆ ಬಂದ ಎಳೆಯ ಒಂಟೆಯ ಹಾಗೆ, ಪ್ರತಿಯೊಂದು ಸರಣಿಗೂ ಅದನ್ನು ಕೊನೆಗೊಳಿಸುವವನೊಬ್ಬ ಎಲ್ಲೋ ದಾರಿಯಲ್ಲಿರುತ್ತಾನೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ, ಅದನ್ನು ಮರೆಮಾಚಬಾರದು. ತಮ್ಮ ನಂತರ ಯಾರಿಗೂ ಸಿಗದಂತಹ ಸಾಮ್ರಾಜ್ಯವನ್ನು ದಯಪಾಲಿಸಬೇಕೆಂದು ಪ್ರವಾದಿ ಸುಲೈಮಾನ್(ಅ) ಅಲ್ಲಾಹನಲ್ಲಿ ಪ್ರಾರ್ಥಿಸಿದ್ದನ್ನು ಕುರ್‌ಆನ್ ತಿಳಿಸಿದೆ. ಯಾರೂ ಮುರಿಯಲಾಗದ ದಾಖಲೆಯನ್ನು ಒಬ್ಬ ಪ್ರವಾದಿಯೇ ಬೇಡಿಕೊಂಡರಲ್ಲವೇ? ಹೌದು. ಆದರೆ ಅವರು ಆ ಪ್ರಾರ್ಥನೆಯನ್ನು ಕ್ಷಮಾಯಾಚನೆಯಿಂದ ಆರಂಭಿಸಿದರು. ಸಿಕ್ಕಿದ ವೈಭವವನ್ನು ತನ್ನ ಕೃತಜ್ಞತೆಯ ಪರೀಕ್ಷೆಯೆಂದೇ ಬಗೆದರು. ಅವರು ಕೇಳಿದ್ದು ಅಲ್ಲಾಹನಲ್ಲಿ, ಜನರ ಕಣ್ಣಿನಲ್ಲಿ ಅಲ್ಲ. ಆ ಸಾಮ್ರಾಜ್ಯದ ಕೊನೆ ಹೇಗಾಯಿತು? ಊರುಗೋಲಿಗೆ ಒರಗಿದ್ದಂತೆಯೇ ಅವರು ಮರಣ ಹೊಂದಿದರು. ಒಂದು ಪುಟ್ಟ ಹುಳು ಆ ಕೋಲನ್ನು ತಿಂದು ಅವರು ಕೆಳಗುರುಳುವ ತನಕ ಸೇವೆಗೈಯುತ್ತಿದ್ದ ಜಿನ್ನ್‌ಗಳಿಗೂ ಅದು ತಿಳಿದಿರಲಿಲ್ಲ. ಇನ್ನೊಂದು ಸಂಗತಿಯನ್ನು ಹದೀಸ್ ತಿಳಿಸುತ್ತದೆ. ನಮಾಝಿಗೆ ತೊಂದರೆ ಕೊಡಲು ಬಂದ ಜಿನ್ನ್ ಒಂದನ್ನು ಪ್ರವಾದಿ ಮುಹಮ್ಮದ್(ಸ) ಹಿಡಿದು ಮಸೀದಿಯ ಕಂಬಕ್ಕೆ ಕಟ್ಟಿಹಾಕಲು ಬಯಸಿದರು. ಆಗ ತಮ್ಮ ಸಹೋದರ ಸುಲೈಮಾನರ(ಅ) ಆ ಪ್ರಾರ್ಥನೆ ನೆನಪಾಗಿ ಅದನ್ನು ಬಿಟ್ಟುಬಿಟ್ಟರು. ತಾನು ಮುಟ್ಟಬಹುದಾಗಿದ್ದ ಎತ್ತರವನ್ನು ಸಹೋದರನ ಗೌರವಕ್ಕಾಗಿ ಮುಟ್ಟದೆ ಬಿಡುವ ಹೃದಯ ಎಷ್ಟು ವಿಶಾಲವಾದುದು!

ಹಾಗಾದರೆ ಮುಂದಕ್ಕೆ ಹೋಗುವ ಆಸೆಯೇ ಬೇಡವೇ? ಖಂಡಿತ ಬೇಕು. ಒಳಿತುಗಳಲ್ಲಿ ಪೈಪೋಟಿ ನಡೆಸಬೇಕೆಂದು ಕುರ್‌ಆನೇ ಆದೇಶಿಸಿದೆ. ಆದರೆ ಆ ಪೈಪೋಟಿಯ ಅಳತೆಗೋಲು ಬೇರೆ. ಒಮ್ಮೆ ಪ್ರವಾದಿವರ್ಯರು(ಸ) ದಾನಕ್ಕೆ ಕರೆ ನೀಡಿದಾಗ ಉಮರ್‌ರ(ರ) ಬಳಿ ಸಂಪತ್ತಿತ್ತು. ಅಬೂಬಕ್ಕರ್‌ರನ್ನು(ರ) ಹಿಂದಿಕ್ಕುವುದಾದರೆ ಇಂದೇ ಎಂದುಕೊಂಡು ಅವರು ತಮ್ಮ ಸಂಪತ್ತಿನ ಅರ್ಧವನ್ನು ತಂದರು. ಅಬೂಬಕ್ಕರ್(ರ) ಇದ್ದುದೆಲ್ಲವನ್ನೂ ತಂದಿದ್ದರು. ಇನ್ನು ಇವರನ್ನು ನಾನೆಂದೂ ಮೀರಿಸಲಾರೆನೆಂದು ಉಮರ್(ರ) ಒಪ್ಪಿಕೊಂಡರು. ಆ ಮಾತಿನಲ್ಲಿ ಸೋಲಿನ ಕಹಿಯಿಲ್ಲ, ಗೌರವವಿದೆ. ತಾವೊಂದು ಸ್ಪರ್ಧೆಯಲ್ಲಿದ್ದೇವೆಂಬ ಯೋಚನೆಯೂ ಅಬೂಬಕ್ಕರ್‌ರಿಗೆ(ರ) ಇದ್ದಂತೆ ಕಾಣುವುದಿಲ್ಲ. ಪಕ್ಕಕ್ಕೆ ನೋಡದವರೇ ಅಂದು ಮುಂದೆ ನಿಂತರು.

ಅಬೂಬಕ್ಕರ್‌ರ(ರ) ಆ ಎತ್ತರ ಬಡವನಿಗೆ ಎಟುಕದೆಂದು ಭಾವಿಸಬೇಡಿ. ಎರಡೇ ದಿರ್ಹಮ್ ಇದ್ದವನು ಅದರಲ್ಲೊಂದನ್ನು ದಾನ ಮಾಡಿದ. ಅಪಾರ ಸಂಪತ್ತಿದ್ದವನು ಅದರ ಒಂದು ಬದಿಯಿಂದ ಲಕ್ಷ ದಿರ್ಹಮ್ ತೆಗೆದು ಕೊಟ್ಟ. ಆ ಒಂದು ದಿರ್ಹಮ್ ಈ ಲಕ್ಷವನ್ನು ಮೀರಿಸಿತೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಜಗತ್ತಿನ ಅಳತೆಪಟ್ಟಿಯು ಎಲ್ಲರನ್ನೂ ಒಂದೇ ಗೆರೆಯಿಂದ ಅಳೆಯುತ್ತದೆ. ಅಲ್ಲಾಹನು ನಮ್ಮ ಕೈಯಲ್ಲಿ ಏನಿತ್ತು, ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನೋಡಿ ತೂಗುತ್ತಾನೆ.

ಇನ್ನೂ ದೊಡ್ಡದೊಂದು ವ್ಯತ್ಯಾಸವಿದೆ. ಒಮ್ಮೆ ಮುದರ್ ಗೋತ್ರದ ಕೆಲವರು ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲದೆ ಮದೀನಾಕ್ಕೆ ಬಂದರು. ಅವರ ಸ್ಥಿತಿ ಕಂಡು ಪ್ರವಾದಿವರ್ಯರ(ಸ) ಮುಖ ಬಾಡಿತು. ಅವರು ಜನರನ್ನು ದಾನಕ್ಕೆ ಪ್ರೇರೇಪಿಸಿದರು. ಅನ್ಸಾರಿಗಳಲ್ಲೊಬ್ಬರು ಕೈಯಲ್ಲಿ ಹಿಡಿಯಲಾಗದಷ್ಟು ಭಾರದ ಥೈಲಿಯನ್ನು ಹೊತ್ತು ತಂದರು. ಅವರನ್ನು ನೋಡಿ ಜನರು ಒಬ್ಬರ ಹಿಂದೊಬ್ಬರು ಬಂದರು. ಆಹಾರ ಮತ್ತು ಬಟ್ಟೆಯ ಎರಡು ರಾಶಿಗಳೇ ಎದ್ದವು. ಪ್ರವಾದಿವರ್ಯರ(ಸ) ಮುಖ ಬೆಳಗಿತು. ಒಂದು ಒಳ್ಳೆಯ ಪರಿಪಾಠವನ್ನು ಆರಂಭಿಸಿದವನಿಗೆ ಅದನ್ನು ಅನುಸರಿಸುವವರೆಲ್ಲರ ಪ್ರತಿಫಲವೂ ಸಿಗುತ್ತದೆ, ಅನುಸರಿಸಿದವರ ಪಾಲಿನಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದು ಅವರು ಅಂದು ಕಲಿಸಿದರು.

ಬಂಧುಗಳೇ, ಇದರ ಅರ್ಥವನ್ನು ನಿಧಾನವಾಗಿ ಚಿಂತಿಸಿ. ಮೈದಾನದಲ್ಲಿ ನನ್ನನ್ನು ಮೀರಿಸಿದವನು ನನ್ನದನ್ನು ಕಿತ್ತುಕೊಳ್ಳುತ್ತಾನೆ. ಪೊವೆಲ್ ಜಿಗಿದ ಆ ಕ್ಷಣದಲ್ಲಿ ಬೀಮನ್‌ರ ಹೆಸರು ಪಟ್ಟಿಯಲ್ಲಿ ಕೆಳಗಿಳಿಯಿತು. ಆದರೆ ಒಳಿತಿನ ದಾರಿಯಲ್ಲಿ ನನ್ನನ್ನು ನೋಡಿ ಹೊರಟವನು ನನಗಿಂತ ನೂರು ಪಟ್ಟು ಮುಂದೆ ಹೋದರೆ ನನ್ನ ಖಾತೆಗೆ ನೂರು ಪಟ್ಟು ಸೇರುತ್ತದೆ. ಇಲ್ಲಿ ದಾಖಲೆ ಮುರಿಯುವವನೇ ನನ್ನ ಉಪಕಾರಿ. ಯಾರೂ ನನ್ನನ್ನು ದಾಟದಿದ್ದರೆ ನಷ್ಟ ನನಗೇ! ಆ ಅನ್ಸಾರಿಯ ಹೆಸರನ್ನು ವರದಿ ಹೇಳುವುದಿಲ್ಲ. ಅವರ ಥೈಲಿಯ ಪುಣ್ಯ ಎಲ್ಲಿಯವರೆಗೆ ಬೆಳೆಯಿತೆಂಬುದು ಅಲ್ಲಾಹನಿಗೆ ಮಾತ್ರ ಗೊತ್ತು.

ಹೆಸರಿಲ್ಲದ ಸಹಾಯ ಮೈದಾನದಲ್ಲೂ ಇದೆ. 1999ರ ಫೆಬ್ರವರಿ 7ರಂದು ದಿಲ್ಲಿಯ ಕೋಟ್ಲಾದಲ್ಲಿ ನಮ್ಮ ರಾಜ್ಯದ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಪಡೆದರು. ಅದಕ್ಕೆ ಮೊದಲು ಟೆಸ್ಟ್‌ನಲ್ಲಿ ಈ ಸಾಧನೆ ಮಾಡಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಕುಂಬ್ಳೆಗೆ ಒಂಬತ್ತು ವಿಕೆಟ್‌ಗಳಾದಾಗ ಇನ್ನೊಂದು ತುದಿಯಲ್ಲಿದ್ದ ಜಾವಗಲ್ ಶ್ರೀನಾಥ್, ಕೊನೆಯ ವಿಕೆಟ್ ತಮಗೆ ಬೀಳದಿರಲೆಂದು ಚೆಂಡನ್ನು ಸ್ಟಂಪಿನಿಂದ ದೂರ ಎಸೆದರು. ದಾಖಲೆಯ ಪುಸ್ತಕದಲ್ಲಿ ಆ ತ್ಯಾಗಕ್ಕೆ ಅಂಕಣವಿಲ್ಲ. 2021ರ ಡಿಸೆಂಬರಿನಲ್ಲಿ, ಮುಂಬೈಯಲ್ಲೇ ಹುಟ್ಟಿ ನ್ಯೂಝಿಲೆಂಡ್ ಪರ ಆಡುತ್ತಿದ್ದ ಅಜಾಝ್ ಪಟೇಲ್ ವಾಂಖೆಡೆ ಮೈದಾನದಲ್ಲಿ ಭಾರತದ ಹತ್ತೂ ವಿಕೆಟ್ ಪಡೆದಾಗ ಕುಂಬ್ಳೆ ಅವರನ್ನು ಸಂತೋಷದಿಂದ ಸ್ವಾಗತಿಸಿದರು. ಆದರೂ ಅಜಾಝ್‌ರ ತಂಡ 372 ರನ್ನುಗಳಿಂದ ಸೋತಿತು. ಜನರು ಬರೆದಿಡುವ ಲೆಕ್ಕ ಎಷ್ಟು ಅಪೂರ್ಣ! ಭುಜಗಳ ಮೇಲೆ ಕುಳಿತು ಬರೆಯುವ ಮಲಕ್‌ಗಳ ಲೆಕ್ಕದಲ್ಲಿ ಮಾತ್ರ ಯಾವ ಅಂಕಣವೂ ಖಾಲಿಯಿರುವುದಿಲ್ಲ.

ಈಗ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಊರಿನಲ್ಲಿ ಇದುವರೆಗೆ ಯಾರೂ ಮಾಡದಂತಹ ಮದುವೆ ಮಾಡಬೇಕೆಂದು ಸಾಲಕ್ಕೆ ಬೀಳುವ ತಂದೆ ಯಾವ ದಾಖಲೆಗೆ ಹೊರಟಿದ್ದಾನೆ? ಅದನ್ನು ಮುರಿಯಲು ಮುಂದಿನ ಶಾಬಾನ್‌ಗೆ ಇನ್ನೊಬ್ಬ ಸಿದ್ಧನಾಗುತ್ತಾನೆ. ಈ ಓಟದಲ್ಲಿ ಹಿಂದುಳಿಯುವ ಬಡವನ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಪಡೆಯುವ ಮಕ್ಕಳಿದ್ದಾರೆ. ಅವರನ್ನು ಅಭಿನಂದಿಸೋಣ. ಆದರೆ 400 ಪಡೆದ ನಿಮ್ಮ ಮಗು ಆ ಸುದ್ದಿಯನ್ನು ಓದಿ ತಲೆ ತಗ್ಗಿಸಿ ಕುಳಿತಿದ್ದರೆ ಅದಕ್ಕೆ ಎರಡು ದಿರ್ಹಮಿನ ಹದೀಸನ್ನು ಹೇಳಿಕೊಡಿ. ನಿನ್ನ ಕೈಯಲ್ಲಿದ್ದುದರಲ್ಲಿ ನೀನೆಷ್ಟು ಕೊಟ್ಟೆ ಎಂದಷ್ಟೇ ಕೇಳಿ. ಪೈಪೋಟಿಯ ಗುಂಗು ಜನರನ್ನು ಗೋರಿಯ ತನಕ ಮರುಳು ಮಾಡುತ್ತದೆಂದು 'ತಕಾಸುರ್' ಅಧ್ಯಾಯ ಎಚ್ಚರಿಸಿರುವುದು ನಮ್ಮಂಥವರನ್ನೇ.

ನಮ್ಮ ಆಸೆ ಎರಡರಲ್ಲಿ ಯಾವುದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ನೀವು ಆರಂಭಿಸಿದ ಒಳ್ಳೆಯ ಕೆಲಸವನ್ನು ನೆರೆಯವನೊಬ್ಬ ನಿಮಗಿಂತ ಚೆನ್ನಾಗಿ ಮಾಡಿದ ದಿನ, ಜನರು ಅವನನ್ನು ಹೊಗಳಿ ನಿಮ್ಮನ್ನು ಮರೆತ ದಿನ, ನಿಮ್ಮ ನಾಲಿಗೆಯಿಂದ ಅಲ್‌ಹಮ್ದುಲಿಲ್ಲಾಹ್ ಎಂಬ ಮಾತು ನಿರಾಯಾಸವಾಗಿ ಹೊರಡುತ್ತದೆಯೇ? ಹೊರಟರೆ ಆ ಕೆಲಸ ಅಲ್ಲಾಹನಿಗಾಗಿಯೇ ಇತ್ತು. ಗಂಟಲಲ್ಲಿ ಸಿಕ್ಕಿಕೊಂಡರೆ ಸಂಕಲ್ಪವನ್ನು ಸರಿಪಡಿಸಿಕೊಳ್ಳಲು ಇನ್ನೂ ಸಮಯವಿದೆ.

ನಮ್ಮನ್ನು ಮೀರಿಸಿ ಮುನ್ನಡೆಯುವ ಸಂತತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಅವರ ಮುನ್ನಡೆಯನ್ನು ಕಂಡು ಸಂತೋಷಪಡುವ ಹೃದಯವನ್ನೂ ಕರುಣಿಸಲಿ. ಆಮೀನ್.