ಕಾರಿನ ಅಡಿಭಾಗಕ್ಕೆ ಬಳಿದ ಬಣ್ಣ

ಮನೆಭೇಟಿಗೆ ಹೋಗಿದ್ದಾಗ ತಾಯಿಯೊಬ್ಬರು ನನ್ನನ್ನು ಒಳಕೋಣೆಗೆ ಕರೆದು ಒಂದು ಮೇಜನ್ನು ತೋರಿಸಿದರು. ಮೇಜಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿತ್ತು. ಅದರ ಮೇಲೆ ಪುಟ್ಟ ಪುಟ್ಟ ಬಣ್ಣದ ಸೀಸೆಗಳು, ಒಂದು ಚಿಮುಟ, ಮರಳುಕಾಗದದ ಚೂರುಗಳು, ಮತ್ತು ಇನ್ನೂ ಗಾಲಿ ಜೋಡಿಸಿರದ, ಗೇಣುದ್ದದ ಒಂದು ಪ್ಲಾಸ್ಟಿಕ್ ಕಾರು.

"ನೋಡಿ ಫಾದರ್, ಇಪ್ಪತ್ತೆಂಟು ವರ್ಷದ ಮಗ. ಕೆಲಸದಿಂದ ಬಂದವನು ರಾತ್ರಿ ಹನ್ನೊಂದರವರೆಗೆ ಇದರ ಮುಂದೆಯೇ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಆದರೂ ಅವನ ಅಪ್ಪನಿಗೆ ಸಿಟ್ಟು. ಇಷ್ಟು ದೊಡ್ಡವನಿಗೆ ಮಕ್ಕಳಾಟ ಏಕೆ ಎನ್ನುತ್ತಾರೆ. ಇದು ತಪ್ಪೇ ಫಾದರ್?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕಾರಣ, ನನ್ನ ಕೋಣೆಯ ಕಪಾಟಿನಲ್ಲೂ ಅಂಥದೇ ಒಂದು ಕಾರು ಇದೆ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಈ ಹವ್ಯಾಸ ಎಂಥದು ಎಂದು ನೋಡೋಣ.

ಆಟಿಕೆಯಲ್ಲ, ಅಳತೆ

ಅಂಗಡಿಯಲ್ಲಿ ಸಿಗುವ ಆಟದ ಕಾರಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಪೆಟ್ಟಿಗೆಯೊಳಗೆ ಕಾರು ಇರುವುದಿಲ್ಲ. ಕಾರಿನ ಭಾಗಗಳು ಇರುತ್ತವೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಿ ಮಾಡಿದ ಹತ್ತಾರು ಬಿಡಿಭಾಗಗಳು, ರೆಂಬೆಗೆ ಕಾಯಿ ಅಂಟಿಕೊಂಡಂತೆ, ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಎಲ್ಲವೂ ಅಳತೆಗೆ ಸರಿಯಾಗಿ. ಇಪ್ಪತ್ತನಾಲ್ಕನೆಯ ಒಂದು ಪಾಲಿನ ಅಳತೆ ಎಂದರೆ, ನಾಲ್ಕು ಮೀಟರಿಗೆ ತುಸು ಹೆಚ್ಚು ಉದ್ದವಿರುವ ಬೀಟಲ್ ಕಾರು ಸುಮಾರು 17 ಸೆಂಟಿಮೀಟರಿಗೆ ಇಳಿಯುತ್ತದೆ. ಬಾಗಿಲ ಹಿಡಿ ಅಕ್ಕಿಕಾಳಿನಷ್ಟಾಗುತ್ತದೆ.

ಒಂದೊಂದು ಭಾಗವನ್ನೂ ಕತ್ತರಿಸಿ, ಅಚ್ಚಿನ ಗೆರೆಯನ್ನು ಉಜ್ಜಿ ತೆಗೆಯಬೇಕು. ಅಚ್ಚಿಗೆ ಸವರಿದ ಎಣ್ಣೆಯ ಅಂಶ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ, ಆದ್ದರಿಂದ ಸೋಪಿನ ನೀರಿನಲ್ಲಿ ತೊಳೆಯಬೇಕು. ಜೋಡಿಸಲು ಬಳಸುವ ಸಿಮೆಂಟು ನಮ್ಮ ಮನೆಯ ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕಿನ ಎರಡು ಅಂಚುಗಳನ್ನು ಕರಗಿಸಿ ಬೆಸೆದುಬಿಡುತ್ತದೆ. ಒಣಗಿದ ಮೇಲೆ ಅವು ಎರಡಲ್ಲ, ಒಂದೇ. ತಪ್ಪಾಗಿ ಜೋಡಿಸಿದರೆ ಸುಲಭವಾಗಿ ಬಿಡಿಸಲಾಗದು. ಬಣ್ಣವನ್ನು ಒಂದೇ ಸಲ ದಪ್ಪವಾಗಿ ಬಳಿಯುವಂತಿಲ್ಲ. ತೆಳುವಾಗಿ ಬಳಿದು, ಒಣಗಲು ಬಿಟ್ಟು, ನಯವಾದ ಕಾಗದದಿಂದ ಉಜ್ಜಿ, ಮತ್ತೆ ಬಳಿಯಬೇಕು. ನಮ್ಮ ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗಿಬಿಡುತ್ತದೆ. ಬಿಸಿಲು ಬರುವವರೆಗೆ ಕಾಯಬೇಕು.

ಈ ಕಲೆ ಹುಟ್ಟಿ ಬೆಳೆದದ್ದು ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್ ಮತ್ತು ಜಪಾನಿನಲ್ಲಿ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕಾರಿನ ಮೈಕಟ್ಟುಗಳನ್ನು ತಯಾರಿಸುತ್ತಿದ್ದ ಫಿಶರ್ ಸಹೋದರರ ಸಂಸ್ಥೆ ಇತ್ತು. ಅವರು ಏಳು ಮಂದಿ, ಕಥೋಲಿಕ ಕುಟುಂಬದವರು. ಆ ಸಂಸ್ಥೆಯ ಹೆಸರಿನಲ್ಲಿ 1930ರಿಂದ 1968ರವರೆಗೆ, ಯುದ್ಧದ ವರ್ಷಗಳನ್ನು ಬಿಟ್ಟು, ಹದಿಹರೆಯದ ಹುಡುಗರಿಗಾಗಿ ಒಂದು ಸ್ಪರ್ಧೆ ನಡೆಯಿತು. ಮೊದಲು ಕುದುರೆ ಸಾರೋಟಿನ ಪುಟ್ಟ ಪ್ರತಿಕೃತಿ, ಮುಂದೆ ಕಾರಿನ ಮಾದರಿ. ಎಲ್ಲವನ್ನೂ ಕೈಯಿಂದಲೇ ಮಾಡಬೇಕು. ಗೆದ್ದವರಿಗೆ ಕಾಲೇಜು ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ಹುಡುಗ ಮುಂದೆ ಜನರಲ್ ಮೋಟಾರ್ಸ್ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಹುಡುಗಿಯರಿಗೆ ಮಾತ್ರ ಆ ಸ್ಪರ್ಧೆಯಲ್ಲಿ ಜಾಗವಿರಲಿಲ್ಲ ಎಂಬುದನ್ನೂ ಹೇಳಬೇಕು.

ಪ್ಲಾಸ್ಟಿಕ್ ಬಂದ ಮೇಲೆ ಈ ಹವ್ಯಾಸ ಸಾಮಾನ್ಯರ ಮನೆಗೂ ಬಂತು. ಮಿಶಿಗನ್ ರಾಜ್ಯದ ಎಎಂಟಿ ಕಂಪನಿ ಮೊದಲು ಕಾರು ಮಾರುವವರಿಗಾಗಿ ಪುಟ್ಟ ಮಾದರಿಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ ಅದು ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ಕಿಟ್‌ಗಳನ್ನು ಮಾರುಕಟ್ಟೆಗೆ ತಂದಿತು. ಜಪಾನಿನ ಶಿಜುಓಕದ ತಮಿಯಾ ಕಂಪನಿ ಆರಂಭವಾದದ್ದು 1946ರಲ್ಲಿ, ಮರದ ವ್ಯಾಪಾರದಿಂದ. 1970ರ ದಶಕದಲ್ಲಿ ಪೋರ್ಶೆ ಕಾರಿನ ಮಾದರಿಯನ್ನು ಸರಿಯಾಗಿ ಮಾಡಬೇಕೆಂದು ಆ ಕಂಪನಿಯವರು ನಿಜವಾದ ಪೋರ್ಶೆಯೊಂದನ್ನೇ ಕೊಂಡು ಬಿಚ್ಚಿ ನೋಡಿದರು!

ಆಟವೂ ಅಗತ್ಯ

ಇಷ್ಟೆಲ್ಲಾ ಕೇಳಿದ ಮೇಲೂ ಆ ತಂದೆ ಕೇಳಬಹುದು: "ಸರಿ, ಇದರಿಂದ ಏನು ಪ್ರಯೋಜನ?"

ಈ ಪ್ರಶ್ನೆ ಹೊಸದಲ್ಲ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಆಟದ ಬಗ್ಗೆಯೇ ವಿಚಾರ ಮಾಡಿದ್ದಾರೆ. ಅಲ್ಲಿ ಅವರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಸಂತರು. ಅವನು ಹಲವು ಬಾಣಗಳನ್ನು ಬಿಟ್ಟ. ಹೀಗೆ ನಿಲ್ಲಿಸದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಬಿಟ್ಟರೆ ಬಿಲ್ಲು ಮುರಿದೀತು ಎಂದ ಅವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು.

ದುಡಿದು ದಣಿದ ಮೈಗೆ ನಿದ್ರೆ ಬೇಕಾದಂತೆ ದಣಿದ ಮನಸ್ಸಿಗೆ ಆಟ ಬೇಕು. ಆಟದಲ್ಲಿ ಅತಿಯಾಗುವುದು ತಪ್ಪು. ಆದರೆ ಎಂದೂ ಆಡದೆ, ಆಡುವವರಿಗೂ ಅಡ್ಡಿಯಾಗಿ ಮನೆಯವರಿಗೆಲ್ಲ ಹೊರೆಯಾಗುವುದನ್ನೂ ಸಂತ ತೋಮಸರು ತಪ್ಪೆಂದೇ ಹೇಳುತ್ತಾರೆ. ಗಂಭೀರ ಮುಖದ ನಮ್ಮ ಹಿರಿಯರು ಇದನ್ನು ಸ್ವಲ್ಪ ಗಮನಿಸಬೇಕು.

ಆದ್ದರಿಂದ ಆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕಾರು ಕಟ್ಟುವುದು ತಪ್ಪಲ್ಲ. ಉಳಿದರ್ಧ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ.

ಒಂದು ಸಂಜೆ

ಕೆಲವು ವರ್ಷಗಳ ಹಿಂದೆ, ಪರದೇಶದಲ್ಲಿ ದುಡಿಯುವ ಯುವಕನೊಬ್ಬ ರಜೆಯಲ್ಲಿ ಬಂದವನು ನನಗೆ ಬೀಟಲ್ ಕಾರಿನ ಕಿಟ್ ಒಂದನ್ನು ತಂದುಕೊಟ್ಟ. ಮೊದಮೊದಲು ನಗು ಬಂತು. ಆಮೇಲೆ ರುಚಿ ಹತ್ತಿತು. ರಾತ್ರಿ ಜಪ ಮುಗಿಸಿ ಅರ್ಧ ಗಂಟೆ ಕೂರುತ್ತಿದ್ದೆ. ಸೀಟುಗಳಿಗೆ ಬೇರೆ ಬಣ್ಣ, ಡ್ಯಾಶ್‌ಬೋರ್ಡಿಗೆ ಬೇರೆ. ಕಾರಿನ ಅಡಿಭಾಗಕ್ಕೂ, ಹೊಗೆಕೊಳವೆಗೂ, ಅಚ್ಚುಗಳಿಗೂ ಮೂರು ಬಗೆಯ ಕಪ್ಪು ಬಳಿದೆ. ಕಾರನ್ನು ಕಪಾಟಿನಲ್ಲಿ ಇಟ್ಟ ಮೇಲೆ ಅದರ ಅಡಿಭಾಗವನ್ನು ಯಾರು ನೋಡುತ್ತಾರೆ? ಯಾರೂ ಇಲ್ಲ. ಆದರೂ ಬಳಿದೆ. ಯಾರೂ ಕಾಣದ ಕೆಲಸವನ್ನೂ ನೆಟ್ಟಗೆ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಗುಟ್ಟಾಗಿ ಮಾಡಿದ್ದನ್ನು ಕಾಣುವ ತಂದೆಯ ಬಗ್ಗೆ ಒಂದು ಪ್ರಬೋಧನೆಯನ್ನೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ.

ಆಷಾಢದ ಮಳೆ ವಾರಗಟ್ಟಲೆ ಸುರಿಯಿತು. ಕೊನೆಯ ಹೊಳಪಿನ ಬಣ್ಣಕ್ಕಾಗಿ ಕಾಯುತ್ತಿದ್ದೆ. ಒಂದು ಸಂಜೆ ಮಳೆ ನಿಂತು ಒಳ್ಳೆಯ ಗಾಳಿ ಬಂತು. ಕಿಟಕಿಗಳನ್ನು ತೆರೆದು ಬಳಿಯಲು ಶುರುಮಾಡಿದೆ. ನಡುವೆ ನಿಲ್ಲಿಸಿದರೆ ಗೆರೆ ಉಳಿಯುತ್ತದೆ. ಅದೇ ಹೊತ್ತಿಗೆ ಅಡುಗೆಯವರು ಬಂದು, ಒಬ್ಬ ಅಜ್ಜಿ ಬಂದಿದ್ದಾರೆ, ಏನೋ ಹೇಳಬೇಕಂತೆ ಎಂದರು. ಪ್ರತಿದಿನ ಪೂಜೆಗೆ ಬರುವ, ಕೊನೆಯ ಬೆಂಚಿನಲ್ಲಿ ಕೂರುವ ಅಜ್ಜಿ. ನಾನು ಕಾರಿನಿಂದ ಕಣ್ಣು ತೆಗೆಯದೆ, "ನಾಳೆ ಬರಲು ಹೇಳಿ" ಎಂದೆ.

ಮರುದಿನ ಅಜ್ಜಿ ಬಂದರು. ಕುರ್ಚಿ ಕೊಟ್ಟು, "ಹೇಳಿ ಅಮ್ಮ, ಏನು ವಿಷಯ?" ಎಂದೆ. ಅವರು ಸೆರಗಿನ ಅಂಚನ್ನು ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿನ್ನೆ ಹೇಳಬೇಕು ಅಂತ ಧೈರ್ಯ ಮಾಡಿಕೊಂಡು ಬಂದಿದ್ದೆ ಫಾದರ್. ಇವತ್ತು ಆ ಧೈರ್ಯ ಇಲ್ಲ. ಇರಲಿ ಬಿಡಿ" ಎಂದು ಎದ್ದು ಹೋದರು.

ಆಮೇಲೆ ಎರಡು ಸಲ ನಾನೇ ಅವರ ಮನೆಗೆ ಹೋದೆ. ಪ್ರೀತಿಯಿಂದ ಕಾಫಿ ಕೊಟ್ಟರು. ಊರಿನ ಮಾತೆಲ್ಲ ಆಡಿದರು. ಆ ಮಾತು ಮಾತ್ರ ಬರಲಿಲ್ಲ. ಅದು ಏನಾಗಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಕಾರಿನ ಹೊಳಪು ಚೆನ್ನಾಗಿಯೇ ಬಂತು. ಒಂದು ಗೆರೆಯೂ ಇಲ್ಲ.

ಕೈಯ ಒಳ್ಳೆಯತನ, ಮನುಷ್ಯನ ಒಳ್ಳೆಯತನ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಒಂದು ವಿಷಯ ಅಂದು ನೆನಪಾಯಿತು. ಅರಿಸ್ಟಾಟಲನು ಮಾಡುವುದರಲ್ಲಿ ಎರಡು ಬಗೆ ಎನ್ನುತ್ತಾನೆ. ಒಂದು, ವಸ್ತುವನ್ನು ಮಾಡುವುದು. ಇನ್ನೊಂದು, ನಡೆದುಕೊಳ್ಳುವುದು. ಮೊದಲನೆಯದಕ್ಕೆ ಬೇಕಾದದ್ದು ಕಲೆ, ಎರಡನೆಯದಕ್ಕೆ ಬೇಕಾದದ್ದು ವಿವೇಕ. ಕಲೆಯಿಂದ ಒಳ್ಳೆಯದಾಗುವುದು ವಸ್ತು. ವಿವೇಕದಿಂದ ಒಳ್ಳೆಯವನಾಗುವುದು ಮನುಷ್ಯ. ಸಂತ ತೋಮಸರೂ ಇದನ್ನೇ ಎತ್ತಿಹಿಡಿಯುತ್ತಾರೆ.

ಎರಡಕ್ಕೂ ಇರುವ ಅಂತರವನ್ನು ತಿಳಿಯಲು ಆ ದಾರ್ಶನಿಕರು ಒಂದು ಗುರುತು ಕೊಟ್ಟಿದ್ದಾರೆ. ಕಲೆಯಲ್ಲಿ ಬೇಕೆಂದೇ ತಪ್ಪು ಮಾಡುವವನು ತಿಳಿಯದೆ ಮಾಡುವವನಿಗಿಂತ ಮೇಲು. ನಡತೆಯಲ್ಲಿ ಬೇಕೆಂದೇ ತಪ್ಪು ಮಾಡುವವನು ತಿಳಿಯದೆ ಮಾಡುವವನಿಗಿಂತ ಕೀಳು. ಮಾದರಿ ಕಾರಿನಲ್ಲೇ ನೋಡಿ. ಕೆಲವು ಕುಶಲಿಗಳು ಹೊಸ ಕಾರಿಗೆ ಬೇಕೆಂದೇ ತುಕ್ಕು ಹಿಡಿಸುತ್ತಾರೆ, ಬಣ್ಣ ಎದ್ದಂತೆ ಮಾಡುತ್ತಾರೆ, ಮಡ್‌ಗಾರ್ಡನ್ನು ತಗ್ಗಿಸುತ್ತಾರೆ. ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಬಾಗಿಲಿಗೆ ಬಂದವರನ್ನು ಬೇಕೆಂದೇ ಹಿಂದಕ್ಕೆ ಕಳಿಸಿದವನಿಗೆ ಯಾರು ಭೇಷ್ ಎನ್ನುತ್ತಾರೆ?

ನನ್ನ ಮೇಜಿನ ಮೇಲಿನ ತಾಳ್ಮೆಯನ್ನು ನಾನು ಸದ್ಗುಣವೆಂದು ತಿಳಿದುಕೊಂಡಿದ್ದೆ. ಅದು ಕೈಯ ತಾಳ್ಮೆ ಅಷ್ಟೇ. ಪ್ಲಾಸ್ಟಿಕ್ಕಿನೊಡನೆ ತಾಳ್ಮೆಯಿಂದಿರುವುದು ಕಷ್ಟವಲ್ಲ. ಅದು ಎದುರು ಮಾತಾಡುವುದಿಲ್ಲ. ಹೇಳಿದ್ದನ್ನೇ ಹೇಳುವುದಿಲ್ಲ. ನಾಳೆ ಬಾ ಎಂದರೆ ನಾಳೆಯೂ ಇದ್ದಂತೆಯೇ ಇರುತ್ತದೆ. ಪೆಟ್ಟಿಗೆಯಲ್ಲಿ ಕ್ರಮಸಂಖ್ಯೆ ಹಾಕಿದ ಚಿತ್ರಪಟವಿದೆ, ಮೊದಲು ಯಾವುದು, ಆಮೇಲೆ ಯಾವುದು ಎಂದು. ಹೆಂಡತಿಗೆ, ಮಗಳಿಗೆ, ಮುದಿ ತಂದೆಗೆ ಅಂಥ ಚಿತ್ರಪಟ ಇಲ್ಲ. ಅವರ ಧೈರ್ಯ ಒಂದು ಸಂಜೆ ಇರುತ್ತದೆ, ಮರುದಿನ ಇರುವುದಿಲ್ಲ.

ಹಾಗಾದರೆ ಕೈಯ ತಾಳ್ಮೆ ವ್ಯರ್ಥವೇ? ಅಲ್ಲ. ಅದು ನಮ್ಮ ವಿರುದ್ಧ ನಿಲ್ಲುವ ಸಾಕ್ಷಿ. "ನನ್ನ ಸ್ವಭಾವವೇ ಹಾಗೆ, ನನಗೆ ತಾಳ್ಮೆ ಇಲ್ಲ" ಎಂದು ಪಾಪನಿವೇದನೆಯಲ್ಲಿ ಹೇಳುವವರು ಎಷ್ಟೋ ಮಂದಿ. ಆದರೆ ಅಕ್ಕಿಕಾಳಿನಷ್ಟು ಬಾಗಿಲ ಹಿಡಿಯನ್ನು ಒಂದು ಗಂಟೆ ಉಜ್ಜಿದವನು ಹಾಗೆ ಹೇಳುವಂತಿಲ್ಲ. ಅವನಲ್ಲಿ ತಾಳ್ಮೆ ಇದೆ. ಎಲ್ಲಿ ಖರ್ಚು ಮಾಡುತ್ತಾನೆ ಎಂಬುದಷ್ಟೇ ಪ್ರಶ್ನೆ. ಹೊಲಿಗೆ ಮಾಡುವವರಿಗೂ, ತೋಟ ಮಾಡುವವರಿಗೂ, ಕ್ರಿಕೆಟ್ ನೋಡಲು ಇಡೀ ದಿನ ಕೂರುವವರಿಗೂ ಈ ಮಾತು ಸಲ್ಲುತ್ತದೆ. ಆ ಸಾಕ್ಷಿ ನಮ್ಮನ್ನು ನಾಚಿಸುತ್ತದೆ, ಜೊತೆಗೆ ಭರವಸೆಯನ್ನೂ ಕೊಡುತ್ತದೆ. ಇಲ್ಲದ್ದನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಇದ್ದದ್ದನ್ನು ಮೇಜಿನಿಂದ ಎದ್ದು ಬಾಗಿಲವರೆಗೆ ಕೊಂಡೊಯ್ದರೆ ಸಾಕು.

ಆ ತಾಯಿಗೆ ಹೇಳಿದ್ದು

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಮಗ ಕಾರು ಕಟ್ಟಲಿ ಅಮ್ಮ. ಆದರೆ ಅಪ್ಪ ಕರೆದಾಗ ಕುಂಚ ಕೆಳಗಿಡುತ್ತಾನೆಯೇ ಎಂದು ನೋಡಿ. ಇಟ್ಟರೆ ಅದು ಹವ್ಯಾಸ. ಇಡದಿದ್ದರೆ ಅದು ಅವನ ಯಜಮಾನ. ನಿಮ್ಮ ಮನೆಯವರಿಗೂ ಹೇಳಿ, ಒಂದು ದಿನ ಮಗನ ಪಕ್ಕದಲ್ಲಿ ಅರ್ಧ ಗಂಟೆ ಕೂರಲಿ. ಮಗನನ್ನು ಬರೀ ಬೈಯಲು ಕರೆದರೆ ಯಾವ ಮಗನೂ ಕುಂಚ ಇಡುವುದಿಲ್ಲ."

ತಿಂಗಳ ಮೇಲೆ ಚರ್ಚಿನ ಅಂಗಳದಲ್ಲಿ ಸಿಕ್ಕಾಗ ಕೇಳಿದೆ. ಅಪ್ಪ ಇನ್ನೂ ಗೊಣಗುತ್ತಾರಂತೆ. ಆದರೆ ಮುಂದಿನ ಗಾಲಿ ತುಸು ಸೊಟ್ಟಗಿದೆ ಎಂದು ಕಂಡುಹಿಡಿದವರು ಅವರೇ ಅಂತೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಮೇಜು ಇರಬಹುದು. ಅದನ್ನು ಎತ್ತಿ ಹೊರಗಿಡಬೇಕಾಗಿಲ್ಲ. ಆದರೆ ಇಂದು ರಾತ್ರಿ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಕೈಗೆ ಇರುವ ತಾಳ್ಮೆಯನ್ನು ನಿಮ್ಮ ಕಿವಿಗೆ ಕೊಟ್ಟು ಎಷ್ಟು ದಿನವಾಯಿತು?

ನನ್ನ ಬೀಟಲ್ ಕಾರು ಈಗಲೂ ಕಪಾಟಿನಲ್ಲಿದೆ. ಬಂದವರು ಅದರ ಹೊಳಪನ್ನು ಹೊಗಳುತ್ತಾರೆ. ಅಡಿಭಾಗವನ್ನು ತಿರುಗಿಸಿ ನೋಡಿದವರು ಯಾರೂ ಇಲ್ಲ. ನಾನು ಕೆಲವೊಮ್ಮೆ ತಿರುಗಿಸಿ ನೋಡುತ್ತೇನೆ. ಆಮೇಲೆ ಬಾಗಿಲ ಕಡೆ ನೋಡುತ್ತೇನೆ, ಯಾರಾದರೂ ಬಂದಿದ್ದಾರೆಯೇ ಎಂದು.