ಸಂಜೆಯ ಕೂಲಿ, ಸುಗ್ಗಿಯ ಪಾಲು

ನಮ್ಮ ನಡುವೆ ಸಂಬಳಕ್ಕೆ ದುಡಿಯುವವರೂ ಇದ್ದೀರಿ, ಸ್ವಂತ ಸ್ಟಾರ್ಟಪ್ ನಡೆಸುವವರೂ ಇದ್ದೀರಿ. ಇಬ್ಬರಿಗೂ ದಿನಕ್ಕೆ 24 ಗಂಟೆಯೇ. ಆದರೆ ಲೆಕ್ಕ ಬೇರೆ.

ಸಂಬಳದವರು ತಮ್ಮ ಸಮಯವನ್ನು ಮಾರುತ್ತಾರೆ. ಕೊಟ್ಟ ಗಂಟೆಗಳಿಗೆ ತಿಂಗಳ ಕೊನೆಗೆ ಬೆಲೆ ಬರಬೇಕು. ಉದ್ಯಮಿಗಳು ತಮ್ಮ ಸಮಯವನ್ನು ಬಿತ್ತುತ್ತಾರೆ. ರಾತ್ರಿ ಎರಡರ ತನಕ ಕೂತರೂ ಇವತ್ತೇ ಏನೂ ಕೈಗೆ ಸಿಗಲ್ಲ. ಐದು ವರ್ಷದ ಮೇಲೆ ಬೆಳೆ ಬಂದೀತು, ಬರದೆಯೂ ಹೋದೀತು. ಅದಕ್ಕೇ ಅವರಿಗೆ ಭಾನುವಾರ ಮಧ್ಯಾಹ್ನವೂ ಪಾಳು ಬಿದ್ದ ಹೊಲದ ಹಾಗೆ ಕಾಣುತ್ತೆ. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚುವವರು ಸೋಮಾರಿಗಳು, ಮುಚ್ಚದವರು ದುರಾಸೆಯವರು ಅಂತ ನಾನು ಹೇಳಲಾರೆ. ಎರಡೂ ನ್ಯಾಯವಾದ ಲೆಕ್ಕಗಳೇ.

ಹಾಗಾದರೆ ಅನ್ಯಾಯ ಎಲ್ಲಿ ಶುರುವಾಗುತ್ತೆ? ಬಿತ್ತುವವರು ಮಾರುವವರಿಗೆ, "ಇದು ನಿನ್ನದೇ ಕಂಪನಿ ಅಂದ್ಕೊಂಡು ಕೆಲಸ ಮಾಡು" ಅಂದಾಗ. 2023ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು, ದೇಶ ಮುಂದೆ ಬರಲು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಕರ್ನಾಟಕದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರದ ಸಾಮಾನ್ಯ ಮಿತಿ 48 ಗಂಟೆ. ನಡುವೆ ಉಳಿದ 22 ಗಂಟೆ ಯಾರದು? ಕಂಪನಿಯಲ್ಲಿ ಪಾಲು ಇರುವವರಿಗೆ ಅದು ಬೀಜ. ಪಾಲೂ ಇಲ್ಲ, ಓವರ್‌ಟೈಮ್ ಹಣವೂ ಇಲ್ಲ ಅನ್ನುವವರಿಗೆ ಅದು ಬರೀ ನಷ್ಟ.

ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿ ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕು ಎಂಬ ಆಜ್ಞೆ ಇದೆ. ಗಮನಿಸಿ, ಸುಗ್ಗಿಯ ತನಕ ಕಾಯುವುದು ಹೊಲದ ಯಜಮಾನನ ಕೆಲಸ. ಆ ಕಾಯುವಿಕೆಯನ್ನು ಕೂಲಿಯವನ ತಲೆಗೆ ಕಟ್ಟುವ ಹಾಗಿಲ್ಲ.

ಉದ್ಯಮಿಗಳೇ, ನಿಮಗೂ ಒಂದು ಮಾತು. ಆ ಕಾಯ್ದೆ ನಿಮ್ಮ ಗಂಟೆಗಳಿಗೆ ಬೇಲಿ ಹಾಕಿಲ್ಲ. ಸಬ್ಬತ್ತಿನ ಆಜ್ಞೆಯಾದರೋ ಯಜಮಾನ, ಮಗ, ಮಗಳು, ಆಳು, ದನಕರು ಎಲ್ಲರನ್ನೂ ಒಟ್ಟಿಗೇ ಸೇರಿಸಿ ವಿಶ್ರಾಂತಿ ಕೊಡುತ್ತೆ. ನಿಮ್ಮ ಮಗು ನಿಮಗಾಗಿ ಕಾಯುವ ಸಂಜೆ ನಿಮ್ಮೊಬ್ಬರದಲ್ಲ. ನಿಮ್ಮದಲ್ಲದ ಬೀಜವನ್ನು ಬಿತ್ತಬೇಡಿ.

ನಾಳೆ ರಾತ್ರಿ ಹತ್ತು ಗಂಟೆಗೆ ಟೀಮಿನವರಿಗೆ ಮೆಸೇಜ್ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗಂಟೆಯ ಬೆಳೆಯಲ್ಲಿ ಇವರಿಗೆ ಪಾಲಿದೆಯಾ? ಇಲ್ಲ ಅಂದರೆ ಬೆಳಗಿನ ತನಕ ತಡೆಯಿರಿ. ಆಮೆನ್.